ರಾತ್ರಿ ತೆರೆದು ಹಗಲು ಮುಚ್ಚುವ ಮನೆಗಳು

ನಾನು ನಿವೃತ್ತಳಾದ ಮೇಲೆ ಸಲಹೆ ಕೇಳಲು ಬರುವ ಹುಡುಗ ಹುಡುಗಿಯರಿಗೆ ಮೊದಲು ಹೇಳುವ ಮಾತು ಒಂದೇ: ಯಾರನ್ನೂ ನಂಬಬೇಡಿ. ಅವರು ನಗುತ್ತಾರೆ. ಮಿಲ್ಪಿಟಾಸಿನ ಈ ಟೌನ್‌ಹೌಸಿನಲ್ಲಿ ಚಹಾ ಕೊಟ್ಟು, ಚುರುಮುರಿ ಮುಂದಿಟ್ಟು ಕೂರಿಸಿಕೊಂಡ ಮುದುಕಿ ಬದುಕಿನ ಬಗ್ಗೆ ದೊಡ್ಡ ತತ್ತ್ವ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ನನಗೆ ತತ್ತ್ವ ಬರುವುದಿಲ್ಲ. ನಾನು ಹೇಳುವುದು ಬಣ್ಣ ಮಾರುವವನ ಬಗ್ಗೆ, ಕಂಪ್ಯೂಟರಿನ ಬಗ್ಗೆ, ಕಂಟ್ರಾಕ್ಟರನ ಬಗ್ಗೆ, ಮೇಲಧಿಕಾರಿಯ ಬಗ್ಗೆ, ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ಯಜಮಾನನ ಬಗ್ಗೆ.

ನನ್ನ ಹೆಸರು ನಸೀಮಾ. ಊರು ವಿಜಯಪುರ. ಸ್ಯಾನ್ ಹೋಸೆಯ ಒಂದು ಸಣ್ಣ ಆಫೀಸಿನಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಮರುಭೂಮಿಯಲ್ಲಿ ಮನೆ ಕಟ್ಟಿಸುವ ಕುಟುಂಬಗಳಿಗೆ, ಆದಷ್ಟು ಕಡಿಮೆ ಕರೆಂಟಿನಲ್ಲಿ ತಂಪಾಗಿರುವ ಮನೆಗಳನ್ನು ವಿನ್ಯಾಸ ಮಾಡುವ ಆಫೀಸು ಅದು. ಚಂದದ ನಕ್ಷೆ ಬರೆಯುವವರು ಬೇರೆಯವರು. ಗೋಡೆ ಎಷ್ಟು ದಪ್ಪ ಇರಬೇಕು, ಕಿಟಕಿ ಯಾವ ದಿಕ್ಕಿಗೆ, ಯಾವ ಹೊತ್ತಿಗೆ ಎಲ್ಲಿ ನೆರಳು ಬೀಳಬೇಕು ಎಂದು ಲೆಕ್ಕ ಹಾಕಿ, ಅವರ ಚಂದದ ನಕ್ಷೆಯ ಮೇಲೆ ಕೆಂಪು ಗೀಟು ಎಳೆಯುವವಳು ನಾನು. ಆಫೀಸಿನಲ್ಲಿ ನನ್ನನ್ನು ಯಾರೂ ಅಷ್ಟಾಗಿ ಪ್ರೀತಿಸಲಿಲ್ಲ ಎಂದರೆ ಅದಕ್ಕೆ ಕಾರಣವಿತ್ತು.

ಸ್ಯಾನ್ ಹೋಸೆ, ಮಿಲ್ಪಿಟಾಸುಗಳಿರುವ ಈ ಬೇ ಏರಿಯಾದಲ್ಲಿ ಕುಳಿತು ಮರುಭೂಮಿಯ ಮನೆಯನ್ನು ಯೋಚಿಸುವುದರಲ್ಲೇ ಒಂದು ಮೋಸವಿದೆ. ಇಲ್ಲಿ ಮಧ್ಯಾಹ್ನ ಕೊಲ್ಲಿಯ ಕಡೆಯಿಂದ ಗಾಳಿ ಬರುತ್ತದೆ, ಜನ ಕಿಟಕಿ ತೆರೆಯುತ್ತಾರೆ. ಸಂಜೆಯಾದರೆ ಚಳಿ ಕೊರೆಯುತ್ತದೆ, ಮುಚ್ಚಿ ಸ್ವೆಟರ್ ಹಾಕಿಕೊಳ್ಳುತ್ತಾರೆ. ಎತ್ತರದ ಮರುಭೂಮಿಯಲ್ಲಿ ಇದು ಪೂರ್ತಿ ತಿರುವುಮುರುವು. ಹಗಲು ಕಿಟಕಿ ತೆರೆದರೆ ಒಲೆಯ ಬಾಯಿ ತೆರೆದ ಹಾಗೆ. ಸೂರ್ಯ ಮುಳುಗಿದ ಮೇಲೆ ತೆರೆಯಬೇಕು, ರಾತ್ರಿಯಿಡೀ ತಂಪು ಗಾಳಿ ಒಳಗೆ ಹರಿದು ದಪ್ಪ ಗೋಡೆಗಳ ಬಿಸಿಯನ್ನು ತೊಳೆದುಕೊಂಡು ಹೋಗಬೇಕು, ಬೆಳಕು ಹರಿಯುತ್ತಿದ್ದಂತೆ ಮುಚ್ಚಬೇಕು. ಆಗ ಮರುದಿನವೆಲ್ಲ ಗೋಡೆಯೇ ಮನೆಯನ್ನು ತಂಪಾಗಿಡುತ್ತದೆ. ವಿಜಯಪುರದ ಬೇಸಿಗೆಯಲ್ಲಿ ನಮ್ಮ ಓಣಿಯವರೆಲ್ಲ ಹೀಗೇ ಬದುಕಿದವರು, ಅದನ್ನು ಯಾರೂ ವಿದ್ಯೆ ಎಂದು ಕರೆಯುತ್ತಿರಲಿಲ್ಲ.

ನನ್ನ ಮೇಲಧಿಕಾರಿ ರಾಬ್ ಒಳ್ಳೆಯ ಮನುಷ್ಯ. ಒಳ್ಳೆಯವರ ಕೈಕೆಳಗೆ ಕೆಲಸ ಮಾಡುವುದು ಬಹಳ ಕಷ್ಟ. ಅವರು ನಂಬಿದ್ದನ್ನೆಲ್ಲ ನಾವು ಪರೀಕ್ಷೆ ಮಾಡುತ್ತ ಕೂರಬೇಕು. ಒಮ್ಮೆ ಒಬ್ಬ ಮಾರಾಟಗಾರ ಪವಾಡದ ಬಣ್ಣವೊಂದನ್ನು ತಂದ. ಛಾವಣಿಗೆ ಒಂದು ಕೈ ಬಳಿದರೆ ಬಿಸಿಲು ಬಂದ ದಾರಿಯಲ್ಲೇ ವಾಪಸು ಹೋಗುತ್ತದಂತೆ. ರಾಬ್ ಕಣ್ಣರಳಿಸಿ ಕೇಳುತ್ತಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ನಾನು ಎರಡು ತಗಡಿನ ತುಂಡು ತೆಗೆದುಕೊಂಡೆ. ಒಂದಕ್ಕೆ ಅವನ ಬಣ್ಣ, ಇನ್ನೊಂದಕ್ಕೆ ಅಂಗಡಿಯಲ್ಲಿ ಸಿಗುವ ಸಾದಾ ಬಿಳಿ ಬಣ್ಣ ಬಳಿದು ಆಫೀಸಿನ ಪಾರ್ಕಿಂಗ್ ಜಾಗದ ಬಿಸಿಲಿಗೆ ಇಟ್ಟೆ. ಮಧ್ಯಾಹ್ನ ಮಾರಾಟಗಾರನನ್ನೇ ಕರೆದು ಎರಡರ ಮೇಲೂ ಅಂಗೈ ಇಡಿಸಿದೆ. ಅವನು ಎರಡನ್ನೂ ಮುಟ್ಟಿ, ಸ್ಯಾನ್ ಹೋಸೆಯ ಬಿಸಿಲು ಈ ಬಣ್ಣಕ್ಕೆ ಹೊಂದುವುದಿಲ್ಲ ಎಂದ. ರಾಬ್ ಹೊಟ್ಟೆ ಹಿಡಿದುಕೊಂಡು ನಕ್ಕು, "ನಸೀಮಾ, ನೀನು ಪೊಲೀಸ್ ಆಗಬೇಕಿತ್ತು" ಎಂದ.

ಪಶ್ಚಿಮದ ಗಾಜಿನ ಗೋಡೆಯ ವಿಷಯದಲ್ಲಿ ಮಾತ್ರ ಅವನು ನನ್ನ ಮಾತು ಕೇಳಲಿಲ್ಲ. ಮನೆಯವರಿಗೆ ಊಟದ ಮೇಜಿನಿಂದ ಸೂರ್ಯಾಸ್ತ ಕಾಣಬೇಕಿತ್ತು. ಸೂರ್ಯಾಸ್ತ ಕಾಣುತ್ತದೆ, ಅದಕ್ಕೆ ಮುಂಚಿನ ಮೂರು ತಾಸಿನ ಸೂರ್ಯ ಎಲ್ಲಿ ಹೋಗಬೇಕು ಎಂದು ನಾನು ಕೇಳಿದೆ. ವಿಶೇಷ ಗಾಜು ಎಂದರು. ಮೊದಲ ಬೇಸಿಗೆಯಲ್ಲೇ ಆ ಕುಟುಂಬ ಗಾಜಿಗೆಲ್ಲ ಕಂಬಳಿ ಕಟ್ಟಿ, ಅಡುಗೆಮನೆಯ ಹಿಂದಿನ ಓಣಿಯಂಥ ಜಾಗದಲ್ಲಿ ಕುಳಿತು ಊಟ ಮಾಡತೊಡಗಿತು. ಆ ಮನೆ ಒಂದು ಪತ್ರಿಕೆಯಲ್ಲಿ ಹಸಿರು ಮನೆ ಎಂದು ಬಂತು. ಫೋಟೋದವನು ಬಂದ ದಿನ ಮಾತ್ರ ಕಂಬಳಿ ಇಳಿಸಿದ್ದರಂತೆ.

ಆಮೇಲೆ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಯಿತು. ಮೊದಲು ನಾವು ಸೂರ್ಯನ ದಾರಿಯನ್ನು ಕಾಗದದ ಮೇಲೆ ಎಳೆದು, ರಟ್ಟಿನ ಮನೆ ಮಾಡಿ, ದೀಪ ಹಿಡಿದು ನೆರಳು ನೋಡುತ್ತಿದ್ದೆವು. ಕಂಪ್ಯೂಟರ್ ಬಂದ ಮೇಲೆ ಕೆಲಸ ಬೇಗ ಆಗತೊಡಗಿತು, ಸುಳ್ಳೂ ಬೇಗ ಆಗತೊಡಗಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅದು. ಮನೆಯವರು ಸಂಜೆ ಕಿಟಕಿ ತೆರೆಯುತ್ತಾರೆ ಎಂದು ಬರೆದರೆ ಅದು ತೆರೆಯುತ್ತಾರೆ ಎಂದೇ ನಂಬಿ, ಮನೆ ತಂಪು ಎಂದು ಬಣ್ಣಬಣ್ಣದ ಚಿತ್ರ ಕೊಡುತ್ತದೆ. ಮನೆಯವರಿಗೆ ಒಂದು ಮನಸ್ಸಿದೆ, ಒಂದು ಭಯವಿದೆ ಎಂದು ಅದಕ್ಕೆ ಹೇಳುವ ಜಾಗವೇ ಇಲ್ಲ.

ಹಾಗಾಗಿ ನಾನು ಒಂದು ಪದ್ಧತಿ ಇಟ್ಟುಕೊಂಡೆ. ನಮ್ಮ ಪ್ರತಿ ಮನೆಯ ಗೋಡೆಯೊಳಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಥರ್ಮಾಮೀಟರ್ ಹುದುಗಿಸಿಡುವುದು. ಗೋಡೆ ಯಾವ ಹೊತ್ತಿಗೆ ಎಷ್ಟು ಬಿಸಿಯಾಯಿತು ಎಂದು ಅದು ಆಫೀಸಿನ ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ಮನೆಯವರನ್ನು ಕೇಳಿಯೇ ಇಡುತ್ತಿದ್ದೆ. ಅವರು ಹೂಂ ಎಂದು ಗೃಹಪ್ರವೇಶದ ಗಡಿಬಿಡಿಯಲ್ಲಿ ಮರೆತುಬಿಡುತ್ತಿದ್ದರು.

ಈಗ ಹೇಳಬೇಕಾದ ಮನೆಗೆ ಬರುತ್ತೇನೆ. ಇದು ನನ್ನ ಕೊನೆಯ ವರ್ಷಗಳ ಕೆಲಸ.

ಶ್ರೀಕಾಂತ್ ಬೆಂಗಳೂರಿನವನು, ಇಲ್ಲೇ ಮಿಲ್ಪಿಟಾಸಿನಲ್ಲಿ ಎಂಜಿನಿಯರ್. ಅವನ ಹೆಂಡತಿ ವಿದ್ಯಾ ಕಲಬುರಗಿಯವಳು. ಜೊತೆಗೆ ಶ್ರೀಕಾಂತನ ತಾಯಿ ಸಾವಿತ್ರಮ್ಮ. ಇಲ್ಲಿಯ ಥಂಡಿಗೆ ಅವರ ಕೀಲುಗಳೆಲ್ಲ ಹಿಡಿದುಕೊಂಡು, ಹಾಸಿಗೆಯಿಂದ ಏಳುವುದೇ ಕಷ್ಟವಾಗಿತ್ತು. ಒಣ ಹವೆಯಲ್ಲಿ ನೋವು ಕಡಿಮೆ ಆಗುವುದನ್ನು ಒಂದು ರಜೆಯಲ್ಲಿ ಕಂಡುಕೊಂಡು, ದಕ್ಷಿಣದ ಎತ್ತರದ ಮರುಭೂಮಿಯಲ್ಲಿ ಜಾಗ ಕೊಂಡರು. ವಿದ್ಯಾಳ ಕೆಲಸ ಮನೆಯಿಂದಲೇ ಮಾಡುವಂಥದ್ದು, ಅವಳು ಅತ್ತೆಯ ಜೊತೆ ಅಲ್ಲಿರುವುದು. ಶ್ರೀಕಾಂತ್ ಆಫೀಸಿಗೆ ಹೋಗಲೇಬೇಕಾದ್ದರಿಂದ ವಾರವೆಲ್ಲ ಮಿಲ್ಪಿಟಾಸಿನಲ್ಲಿದ್ದು ವಾರದ ಕೊನೆಗೆ ಹೋಗಿಬರುವುದು.

ಮನೆಯನ್ನು ನಾನು ಮನಸ್ಸಿಟ್ಟು ಮಾಡಿದೆ. ಮಣ್ಣನ್ನು ಒತ್ತಿ ಕಟ್ಟಿದ ದಪ್ಪ ಗೋಡೆ, ಅದರ ಹೊರಮೈಗೆ ಬಿಸಿ ತಡೆಯುವ ಹೊದಿಕೆ. ಪಶ್ಚಿಮಕ್ಕೆ ಒಂದೂ ಕಿಟಕಿಯಿಲ್ಲ, ದಕ್ಷಿಣಕ್ಕೆ ಆಳವಾದ ಸೂರು, ನಡುವೆ ನೆರಳಿನ ಅಂಗಳ, ಸ್ನಾನದ ನೀರು ಕುಡಿದು ಬೆಳೆಯುವ ಗಿಡಗಳು. ಹಾಲಿನ ಮೇಲ್ಗಡೆ, ಛಾವಣಿಯ ಹತ್ತಿರ ಸಾಲಾಗಿ ಎತ್ತರದ ಕಿಟಕಿಗಳು, ಬಿಸಿಗಾಳಿ ಮೇಲೇರಿ ಹೊರಹೋಗಲು. ಅವು ಕೈಗೆ ಎಟುಕುವುದಿಲ್ಲ, ಅದಕ್ಕೆ ಸದ್ದಿಲ್ಲದ ಮೋಟಾರು. ಗೋಡೆಯ ಸ್ವಿಚ್ಚಿನಿಂದಲೂ ತೆರೆಯಬಹುದು, ಫೋನಿನಿಂದಲೂ ತೆರೆಯಬಹುದು. ಫೋನಿನ ವ್ಯವಸ್ಥೆ ಶ್ರೀಕಾಂತನ ಆಸೆ. ನನಗೆ ಇಷ್ಟವಿರಲಿಲ್ಲ. ಎಂಜಿನಿಯರನಿಗೆ ಸ್ವಿಚ್ಚು ಸಾಕು ಎಂದರೆ ಅವನಿಗೆ ಅವಮಾನವಾಗುತ್ತದೆ ಎಂದು ಬಿಟ್ಟೆ. ಎಸಿ ಒಂದು ಸಣ್ಣದು, ರಾತ್ರಿ ತಂಪಾದ ಮನೆಗೆ ಸುಡುವ ಮಧ್ಯಾಹ್ನಗಳಲ್ಲಿ ಆಸರೆಯಾಗುವಷ್ಟು.

ಮೊದಲ ಬೇಸಿಗೆ ಚೆನ್ನಾಗಿ ಕಳೆಯಿತು. ಸಾವಿತ್ರಮ್ಮ ಅಂಗಳದಲ್ಲಿ ಓಡಾಡತೊಡಗಿದ್ದಾರೆ ಎಂದು ವಿದ್ಯಾ ಫೋಟೋ ಕಳಿಸಿದ್ದಳು. ಎರಡನೆಯ ಬೇಸಿಗೆಯಲ್ಲಿ ಶ್ರೀಕಾಂತನಿಂದ ರಾಬ್‌ಗೆ ಒಂದು ಇಮೇಲು ಬಂತು. ಮನೆ ಕಾದು ಕೆಂಡವಾಗಿದೆ, ತಾಯಿ ಸೆಖೆಗೆ ಕುಸಿದುಬಿದ್ದು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸೇರಿ ಈಗಷ್ಟೇ ಮನೆಗೆ ಬಂದಿದ್ದಾರೆ, ವಿನ್ಯಾಸವೇ ತಪ್ಪು. ಎತ್ತರದ ಕಿಟಕಿಗಳನ್ನು ಖಾಯಮ್ಮಾಗಿ ಮುಚ್ಚಿಸಿ ದೊಡ್ಡ ಎಸಿ ಹಾಕಲು ಹೊಸ ನಕ್ಷೆ ಕೊಡಿ. ಕೊನೆಯಲ್ಲಿ ಒಂದು ಸಾಲು: ನೀವು ಯಾರೂ ಮನೆ ನೋಡಲು ಬರುವ ಅಗತ್ಯವಿಲ್ಲ.

ರಾಬ್‌ನ ಮುಖ ಬಿಳಿಚಿಕೊಂಡಿತು. "ಒಬ್ಬ ಮುದುಕಿ ಸಾಯುತ್ತಿದ್ದಳು, ನಸೀಮಾ. ನಮ್ಮ ಮನೆಯಲ್ಲಿ." ಆದರೂ ಆ ಕೊನೆಯ ಸಾಲು ನನ್ನನ್ನು ಬಿಡಲಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಮೇಲೆ ಸಿಟ್ಟಾದ ಯಜಮಾನರೆಲ್ಲ ಬಂದು ನೋಡಿ, ಈಗಲೇ ಬಂದು ನೋಡಿ ಎಂದು ಕೂಗಿದವರೇ. ಬರಬೇಡಿ ಎಂದವನು ಇವನೊಬ್ಬನೇ.

ಮೊದಲ ಅನುಮಾನ ಕಂಟ್ರಾಕ್ಟರ್ ರಾಮಿರೋ ಮೇಲೆ. ಹೊದಿಕೆಯನ್ನು ಅಲ್ಲಲ್ಲಿ ಬಿಟ್ಟಿರಬಹುದು, ಯಾರಿಗೂ ಕಾಣುವುದಿಲ್ಲವಲ್ಲ. ಫೋನ್ ಮಾಡಿ ನೇರವಾಗಿಯೇ ಕೇಳಿದೆ. ಅವನು ಕೆರಳಿದ. "ಗೋಡೆಗೆ ಎಲ್ಲಿ ಬೇಕಾದರೂ ತೂತು ಹೊಡೆದು ನೋಡು. ಡ್ರಿಲ್ ನಾನೇ ತರುತ್ತೇನೆ" ಎಂದ. ಬಾ ನೋಡು ಎಂದವನ ಮೇಲೆ ನನ್ನ ಅನುಮಾನ ಸ್ವಲ್ಪ ಇಳಿಯಿತು, ಪೂರ್ತಿ ಇಳಿಯಲಿಲ್ಲ.

ಆಮೇಲೆ ಗೋಡೆಯ ಥರ್ಮಾಮೀಟರುಗಳು ಕಳಿಸಿದ್ದನ್ನು ತೆರೆದು ನೋಡಿದೆ. ಯುವಕರೇ, ಇಲ್ಲಿ ಸ್ವಲ್ಪ ಗಮನವಿಟ್ಟು ಓದಿ. ಸಂಜೆಯಾದ ಮೇಲೆ ಗೋಡೆ ತಣ್ಣಗಾಗಲು ಶುರುವಾಗುತ್ತಿತ್ತು, ಬಿಸಿ ಚೆನ್ನಾಗಿಯೇ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಇಳಿಯುವುದು ಥಟ್ಟನೆ ನಿಂತು, ಬೆಳಗಿನವರೆಗೂ ಅಲ್ಲೇ ಇರುತ್ತಿತ್ತು. ಒಂದು ದಿನವಲ್ಲ, ಹೆಚ್ಚುಕಡಿಮೆ ಎಲ್ಲ ದಿನವೂ ಹಾಗೇ. ಹೊದಿಕೆ ಇಲ್ಲದ ಗೋಡೆ ಹಗಲಿನಲ್ಲಿ ಬೇಗ ಕಾಯುತ್ತದೆ, ಇದು ಹಾಗೆ ಬೇಗ ಕಾದಿರಲಿಲ್ಲ. ರಾಮಿರೋ ಬಚಾವಾದ. ಕಿಟಕಿಯನ್ನು ಯಾರೂ ತೆರೆದಿಲ್ಲ ಎಂದಾದರೆ ಗೋಡೆಯ ಬಿಸಿ ಇಳಿಯಲೇಬಾರದು. ಯಾರೋ ತೆರೆಯುತ್ತಿದ್ದಾರೆ, ಆಮೇಲೆ ಯಾರೋ ಮುಚ್ಚುತ್ತಿದ್ದಾರೆ.

ಶ್ರೀಕಾಂತನಿಗೆ ಫೋನ್ ಮಾಡಿ, ರಾತ್ರಿ ಕಿಟಕಿ ಮುಚ್ಚುವವರು ಯಾರು ಎಂದು ಕೇಳಿದೆ.

"ಮೇಡಂ, ನಾನು ಹೇಳ್ಬಾರ್ದು ಅನ್ಕೊಂಡಿದ್ದೆ. ವಿದ್ಯಾ ಕಿಟಕಿ ಓಪನ್ ಮಾಡೋದನ್ನೇ ಮರೀತಿದಾಳೆ. ಇತ್ತೀಚೆಗೆ ಮರೆವು ಜಾಸ್ತಿ. ಅವಳ ತಾಯಿಗೂ ಸಣ್ಣ ವಯಸ್ಸಲ್ಲೇ ಹೀಗಾಗಿತ್ತು. ಅದಕ್ಕೇ ಹೇಳಿದ್ದು, ಆ ವಿಂಡೋಸ್ ಬೇಡ, ಎಸಿ ಹಾಕ್ಬಿಡೋಣ. ಅವಳಿಗೆ ಟೆನ್ಶನ್ ಇರಲ್ಲ. ಪ್ಲೀಸ್, ಅಲ್ಲಿಗೆ ಹೋಗಿ ಅವಳನ್ನ ಏನೂ ಕೇಳ್ಬೇಡಿ."

ಎಂಥ ಒಳ್ಳೆಯ ಗಂಡ ಎಂದು ಇನ್ನೊಬ್ಬರಾಗಿದ್ದರೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಕೇಳಿದ್ದು ಮುಚ್ಚುವವರು ಯಾರು ಎಂದು. ಅವನು ಹೇಳಿದ್ದು ತೆರೆಯದವಳ ಬಗ್ಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಹೋಗಬೇಡ, ವಕೀಲರ ವಿಷಯವಾದೀತು ಎಂದು ರಾಬ್ ಹೇಳುತ್ತಲೇ ಇದ್ದ. ನಾನು ಫ್ರೀವೇ ಹಿಡಿದು ಆರೇಳು ತಾಸು ಗಾಡಿ ಓಡಿಸಿ, ಆ ಊರಿನ ಮೋಟೆಲಿನಲ್ಲಿ ಉಳಿದು, ಮರುದಿನ ರಾಮಿರೋನನ್ನು ಕರೆದುಕೊಂಡು ಅವರ ಮನೆಯ ಬಾಗಿಲು ತಟ್ಟಿದೆ.

ಬಾಗಿಲು ತೆರೆದ ವಿದ್ಯಾಳನ್ನು ನೋಡಿ ಗಾಬರಿಯಾಯಿತು. ಗೃಹಪ್ರವೇಶದ ದಿನ ನನ್ನ ಜೊತೆ ನಮ್ಮ ಕಡೆಯ ಕನ್ನಡದಲ್ಲಿ ಬಾಯ್ತುಂಬ ಹರಟಿದ ಹೆಣ್ಣುಮಗಳು ಈಗ ಮಾತನ್ನು ಹುಡುಕುತ್ತಿದ್ದಳು. ಒಂದು ಮಾತು ಆಡಿ, ಸರಿಯಾಗಿ ಆಡಿದೆನೇ ಎಂದು ನನ್ನ ಮುಖ ನೋಡುತ್ತಿದ್ದಳು. ಮನೆಯ ಒಳಗೆ ಸೆಖೆ ಮುಖಕ್ಕೆ ಹೊಡೆಯಿತು. ಗೋಡೆಗೆ ಅಂಗೈ ಇಟ್ಟೆ. ಬೆಳಗಿನ ಹೊತ್ತಿಗೇ ಬೆಚ್ಚಗಿತ್ತು. ಸಾವಿತ್ರಮ್ಮ ಒದ್ದೆ ಬಟ್ಟೆಯನ್ನು ಹಣೆಯ ಮೇಲೆ ಹಾಕಿಕೊಂಡು ಹಾಲಿನ ಮಂಚದಲ್ಲಿ ಮಲಗಿದ್ದರು.

"ನಸೀಮಾ ಅಕ್ಕಾ, ನಿಮ್ಮ ಮನಿ ಚಲೋನೇ ಅದರಿ" ಎಂದಳು ವಿದ್ಯಾ, ನಾನು ಕೇಳುವ ಮೊದಲೇ. "ತಪ್ಪು ನಂದು. ನಾ ಕಿಟಕಿ ತೆರದಿಟ್ಟೇ ಮಲಗೀನಿ ಅಂತ ನನಗ ಅನಸ್ತದ. ಮುಂಜಾನೆ ಎದ್ದು ನೋಡಿದ್ರ ಎಲ್ಲಾ ಮುಚ್ಚಿರ್ತಾವ. ನೆನಪಿಗಿ ಇರ್ಲಿ ಅಂತ ಓಢಣಿ ತುದಿಗಿ ಗಂಟು ಹಾಕ್ಲಿಕತ್ತೀನಿ. ಕಿಟಕಿ ತೆರದ ಮ್ಯಾಲೇ ಗಂಟು. ಮುಂಜಾನೆ ಗಂಟು ಇರ್ತದ, ಕಿಟಕಿ ಮುಚ್ಚಿರ್ತಾವ. ಅಂದ್ರ ಬರೇ ಗಂಟು ಹಾಕಿ ಮಲಗಿರ್ತೀನಿ ನೋಡ್ರಿ."

ಮಂಚದಿಂದ ಸಾವಿತ್ರಮ್ಮ ಹೇಳಿದರು, "ಗಂಟು ಹಾಕೋದು ಮರೆಯಲ್ಲ, ಕಿಟಕಿ ಮಾತ್ರ ಮರೀತಾಳೆ. ಬೇಕಂತ ಮಾಡ್ತಾಳೆ ಅಂತ ನಾನು ಅನ್ನಲ್ಲಮ್ಮ. ಆದ್ರೂ ಮೊನ್ನೆ ನನ್ನ ಪ್ರಾಣ ಹೋಗ್ತಿತ್ತಲ್ಲ."

ವಿದ್ಯಾ ತಲೆ ತಗ್ಗಿಸಿದಳು. ಅಡುಗೆಮನೆಗೆ ನನ್ನನ್ನು ಕರೆದುಕೊಂಡು ಹೋಗಿ, ತಗ್ಗಿದ ದನಿಯಲ್ಲಿ ಉಳಿದದ್ದನ್ನು ಹೇಳಿದಳು. ಅವಳ ತಾಯಿ ಐವತ್ತು ತುಂಬುವ ಮೊದಲೇ ಮಕ್ಕಳ ಹೆಸರು ಮರೆತವರು. ತನಗೂ ಅದೇ ಶುರುವಾಗಿದೆ ಎಂದು ಅವಳು ನಂಬಿಬಿಟ್ಟಿದ್ದಳು. ಕಾರು ಓಡಿಸುವುದನ್ನು ಬಿಟ್ಟಿದ್ದಳು. ಅತ್ತೆಯ ಮಾತ್ರೆಗಳನ್ನು ಮೂರು ಮೂರು ಸಲ ಎಣಿಸುತ್ತಿದ್ದಳು. ನೆನಪಿನ ಪರೀಕ್ಷೆಗೆ ಕ್ಲಿನಿಕ್ಕಿಗೂ ಹೋಗಿಬಂದಿದ್ದಳು. ಏನೂ ಕಾಣುತ್ತಿಲ್ಲ, ಮತ್ತೊಮ್ಮೆ ನೋಡೋಣ ಎಂದಿದ್ದರಂತೆ. ನೌಕರಿ ಬಿಡುವ ಪತ್ರವನ್ನೂ ಆಗಲೇ ಕಳಿಸುವವಳಿದ್ದಳು.

"ಅವ್ವಗ ಶುರು ಆದಾಗ ನಾವೂ ಹಿಂಗೇ ನಕ್ಕೋತ ಇದ್ದಿವ್ರಿ. ಮರೀತಾಳ, ಮರೀತಾಳ ಅಂತ. ಆಮ್ಯಾಲೆ ಒಂದಿನ ನನ್ನ ನೋಡಿ, ನೀ ಯಾರ ಮಗಳವಾ ಅಂತ ಕೇಳಿದ್ಳು."

ಲ್ಯಾಪ್‌ಟಾಪು ತೆರೆದು ಗೋಡೆ ಕಳಿಸಿದ ಗೆರೆಯನ್ನು ತೋರಿಸಿದೆ. "ಇಲ್ಲಿ ನೋಡವಾ. ಮರತಾಕಿ ತೆರಿಯೋದೇ ಇಲ್ಲ. ನೀ ತೆರದೀದಿ, ಗೋಡಿ ತಂಪ ಆಗ್ಲಿಕತ್ತದ. ಇಲ್ಲಿ ಬಂದು ನಿಂತದ. ಇಲ್ಲಿ ಯಾರೋ ಮುಚ್ಯಾರ. ದಿನಾ."

ಅವಳಿಗೆ ನಂಬಿಕೆ ಬರಲಿಲ್ಲ. ಅವಳಿಗೆ ಆಗ ಅನುಮಾನವಿದ್ದದ್ದು ತನ್ನ ಮೇಲೆ ಮಾತ್ರ. "ನಾನೇ ನಿದ್ದಿಗಣ್ಣಾಗ ಎದ್ದು ಮುಚ್ಚತಿರಬೇಕ್ರಿ" ಎಂದಳು. ನನ್ನ ಇಡೀ ವೃತ್ತಿ ಅನುಮಾನದಲ್ಲೇ ಕಳೆದಿದೆ, ಆದರೆ ಒಬ್ಬ ಹೆಣ್ಣುಮಗಳು ತನ್ನ ಮೇಲೆಯೇ ಇಷ್ಟು ಅನುಮಾನ ಪಡುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅದನ್ನು ನೋಡಲು ಆಗಲಿಲ್ಲ.

ಮನೆಯ ಸುತ್ತ ಒಂದು ಸುತ್ತು ಬಂದೆ. ಸೂರಿನ ಮೂಲೆಯಲ್ಲಿ ಒಂದು ಕ್ಯಾಮೆರಾ ಇತ್ತು. ಹಿತ್ತಲಲ್ಲಿ ಇನ್ನೊಂದು. ನನ್ನ ನಕ್ಷೆಯಲ್ಲಿ ಅವು ಇರಲಿಲ್ಲ. ಯಾವಾಗ ಹಾಕಿಸಿದ್ದು ಎಂದು ಕೇಳಿದೆ. ಈ ಬೇಸಿಗೆಯ ಶುರುವಿನಲ್ಲಿ, ಮಿಲ್ಪಿಟಾಸಿನ ಮಾಲಿನ ಪಾರ್ಕಿಂಗಿನಲ್ಲಿ ಶ್ರೀಕಾಂತನ ಕಾರಿನ ಗಾಜು ಒಡೆದು ಬ್ಯಾಗು ಕದ್ದ ಮೇಲೆ ಎಂದಳು ವಿದ್ಯಾ. ಆವತ್ತಿನಿಂದ ಅವನಿಗೆ ಕಂಡದ್ದೆಲ್ಲ ಕಳ್ಳನೇ. ಕ್ಯಾಮೆರಾಗಳು ಅವನ ಫೋನಿಗೆ ಸೇರಿವೆ. ಕಿಟಕಿಯ ಮೋಟಾರುಗಳೂ ಅದೇ ಫೋನಿಗೆ ಸೇರಿವೆ ಎಂಬುದು ನನಗೆ ಗೊತ್ತೇ ಇತ್ತು.

ಸಂಜೆಯವರೆಗೆ ಅಲ್ಲೇ ಇದ್ದೆವು. ಸೂರ್ಯ ಮುಳುಗಿ ಮಬ್ಬುಗತ್ತಲಾದಾಗ, ವಿದ್ಯಾಳ ಕೈಯಿಂದಲೇ ಸ್ವಿಚ್ಚು ಒತ್ತಿಸಿದೆ. ಎತ್ತರದ ಕಿಟಕಿಗಳು ತೆರೆದುಕೊಂಡವು. ಒಳಗಿನ ಕಾವು ಮೇಲಕ್ಕೆ ಹೊರಟು, ಕೆಳಗಿನಿಂದ ತಂಪು ಕಾಲಿಗೆ ತಾಗಿತು. ಅವಳು ಎಂದಿನಂತೆ ಓಢಣಿಗೆ ಗಂಟು ಹಾಕಿಕೊಂಡಳು. ಆಮೇಲೆ ನಾವಿಬ್ಬರೂ ಸ್ವಿಚ್ಚಿನಿಂದ ದೂರ, ಸಾವಿತ್ರಮ್ಮನ ಮಂಚದ ಪಕ್ಕ ಕುಳಿತೆವು. ರಾಮಿರೋಗೆ ಹೊರಗೆ ಹೋಗಿ ಹಿತ್ತಲಲ್ಲಿ ಸುಮ್ಮನೆ ಅಡ್ಡಾಡು ಎಂದೆ.

ಅವನು ಒಂದು ಸುತ್ತು ಮುಗಿಸಿರಲಿಲ್ಲ. ತಲೆಯ ಮೇಲೆ ಎಲ್ಲ ಕಿಟಕಿಗಳೂ ಒಟ್ಟಿಗೆ, ಒಂದಿಷ್ಟೂ ಸದ್ದು ಮಾಡದೆ, ಮುಚ್ಚಿಕೊಂಡವು.

ಸಾವಿತ್ರಮ್ಮ ಎದ್ದು ಕುಳಿತರು. ವಿದ್ಯಾ ಮೇಲೆ ನೋಡಿದಳು, ತನ್ನ ಕೈ ನೋಡಿಕೊಂಡಳು. "ಅಕ್ಕಾ, ನಾ ಮುಟ್ಟಿಲ್ಲರಿ" ಎಂದಳು.

"ಇಲ್ಲವಾ. ನೀ ಇಲ್ಲೇ ಕೂತೀದಿ."

"ನಾ ಮುಟ್ಟಿಲ್ಲ" ಎಂದಳು ಇನ್ನೊಮ್ಮೆ, ಈಗ ಅತ್ತೆಗೆ. ಆಮೇಲೆ ನಕ್ಕಳು. ನಗುತ್ತ ನಗುತ್ತ ಅಳು ಬಂದು ನನ್ನ ಭುಜದ ಮೇಲೆ ತಲೆಯಿಟ್ಟಳು. ಹಿತ್ತಲಲ್ಲಿ ದಿನಾ ಕತ್ತಲಾದ ಮೇಲೆ ಮೊಲ ಓಡಾಡುತ್ತವೆ, ಕಾಡುನಾಯಿ ಬರುತ್ತವೆ. ಕ್ಯಾಮೆರಾ ಕಂಡದ್ದನ್ನು ಫೋನಿಗೆ ಹೇಳುತ್ತದೆ, ಫೋನು ಕಿಟಕಿ ಮುಚ್ಚುತ್ತದೆ. ಕತ್ತಲಲ್ಲಿ, ಅಷ್ಟು ಎತ್ತರದಲ್ಲಿ, ಸದ್ದಿಲ್ಲದೆ ಮುಚ್ಚಿದ್ದು ಒಳಗಿದ್ದವರಿಗೆ ಗೊತ್ತಾಗುವುದಿಲ್ಲ. ಯಾರೋ ಹಾಗೆ ಮಾಡು ಎಂದು ಅದಕ್ಕೆ ಹೇಳಿಕೊಟ್ಟಿದ್ದರು.

ಆ ಸಂಜೆ ಶ್ರೀಕಾಂತನಿಗೆ ಯಾರೂ ಫೋನ್ ಮಾಡಲಿಲ್ಲ. ಬೇಡ ಎಂದವಳು ವಿದ್ಯಾ. "ಶುಕ್ರವಾರ ಮಧ್ಯಾಹ್ನ ಬರ್ತಾರ. ಅಲ್ಲಿ ತನಕ ನೀವು ಇರ್ರಿ" ಎಂದಳು. ನಾನು ರಾಬ್‌ಗೆ ರಜೆ ಹೇಳಿ ಉಳಿದೆ. ಮೋಟಾರುಗಳನ್ನು ತೆಗೆದು ಕೈಯಿಂದ ಎಳೆಯುವ ಸರಪಳಿ ಹಾಕಿಕೊಡಿ ಎಂದೂ ಅವಳೇ ಹೇಳಿದಳು. ನಮ್ಮ ಒಪ್ಪಂದ ಶ್ರೀಕಾಂತನ ಹೆಸರಿನಲ್ಲಿತ್ತು. ಯಜಮಾನನ ಅಪ್ಪಣೆಯಿಲ್ಲದೆ ಮನೆಯ ಮೊಳೆ ಕೀಳುವುದೂ ನಮ್ಮ ವೃತ್ತಿಯಲ್ಲಿ ತಪ್ಪು. ನನ್ನ ಲೈಸೆನ್ಸಿಗೇ ಕುತ್ತು ಬರಬಹುದಿತ್ತು. ಮನೆ ಇಬ್ಬರ ಹೆಸರಿನಲ್ಲೂ ಇದೆಯೇ ಎಂದು ಕೇಳಿದೆ. ಇದೆ ಎಂದಳು. ಹಾಗಾದರೆ ನನ್ನ ಯಜಮಾನಿ ನೀನೇ ಎಂದೆ.

ಶುಕ್ರವಾರ ಶ್ರೀಕಾಂತ್ ಒಳಗೆ ಬಂದಾಗ ರಾಮಿರೋ ಏಣಿಯ ಮೇಲಿದ್ದ. ತೆಗೆದ ಮೋಟಾರುಗಳು ಮೇಜಿನ ಮೇಲೆ ಸಾಲಾಗಿದ್ದವು. ಅವನು ಅವನ್ನು ನೋಡಿದ, ನನ್ನನ್ನು ನೋಡಿದ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ನಾವು ಬಂದದ್ದು ಅವನಿಗೆ ಕ್ಯಾಮೆರಾದಲ್ಲಿ ಮೊದಲೇ ಕಂಡಿರಬೇಕು. ಕುರ್ಚಿ ಎಳೆದುಕೊಂಡು ಕುಳಿತ.

"ಮೇಡಂ, ನಂಗೆ ಅದು ಇಷ್ಟು ಸೀರಿಯಸ್ ಅಂತ ಗೊತ್ತಿರ್ಲಿಲ್ಲ. ಕ್ಯಾಮೆರಾದಲ್ಲಿ ಏನಾದ್ರೂ ಕಂಡ್ರೆ ಕ್ಲೋಸ್ ಆಗೋ ಹಾಗೆ ಸೆಟ್ ಮಾಡಿದ್ದೆ, ಅಷ್ಟೇ. ಇಬ್ಬರೇ ಹೆಂಗಸರು ಇರ್ತಾರೆ. ರಾತ್ರಿ ಎಲ್ಲಾ ಕಿಟಕಿ ತೆಗೆದಿಟ್ಟು ಮಲಗಿದಾರೆ ಅಂದ್ರೆ ಅಲ್ಲಿ ನಂಗೆ ನಿದ್ದೆ ಹತ್ತುತ್ತಾ? ಮಿಲ್ಪಿಟಾಸಲ್ಲಿ ಯಾರು ರಾತ್ರಿ ಕಿಟಕಿ ತೆಗೀತಾರೆ ಹೇಳಿ?"

ಅದು ನಿಜವೇ. ಅವನ ಭಯ ಸುಳ್ಳಲ್ಲ. ಅಭ್ಯಾಸ ಊರು ಬದಲಾದರೂ ಬದಲಾಗುವುದಿಲ್ಲ. ಇಷ್ಟೇ ಆಗಿದ್ದರೆ ನಾನು ಅವನಿಗೆ ಒಂದು ಉಪನ್ಯಾಸ ಕೊಟ್ಟು, ಕಬ್ಬಿಣದ ಜಾಲರಿ ಹಾಕಿಸಿಕೊಟ್ಟು ಹೊರಟುಬಿಡುತ್ತಿದ್ದೆ.

ಮಂಚದಿಂದ ಸಾವಿತ್ರಮ್ಮ ಕೇಳಿದರು, "ಕಾಂತ, ನಾನು ಬಿದ್ದ ದಿನ ನಿಂಗೆ ಗೊತ್ತಾಯ್ತೇನೋ, ನಿನ್ನ ಫೋನಿಂದಲೇ ಇದೆಲ್ಲ ಆಗ್ತಿರೋದು ಅಂತ?"

ಅವನು ಮೇಜಿನ ಅಂಚನ್ನು ಉಜ್ಜುತ್ತ ಕುಳಿತ. "ಗೊತ್ತಾಯ್ತಮ್ಮ" ಎಂದ. "ಆಂಬುಲೆನ್ಸಲ್ಲಿ ನಿನ್ನ ಕರ್ಕೊಂಡು ಹೋದ್ರು ಅಂತ ಫೋನ್ ಬಂದಾಗ ನೋಡ್ದೆ. ರಾತ್ರಿ ಎಲ್ಲಾ ಕ್ಲೋಸ್ ಆಗಿದ್ದು ಕಾಣಿಸ್ತು. ಭಯ ಆಯ್ತು. ನನ್ನಿಂದ ಹೀಗಾಯ್ತು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಕಿಟಕೀನೇ ಇಲ್ಲದ ಹಾಗೆ ಮಾಡ್ಬಿಟ್ರೆ ಎಲ್ಲಾ ಸರಿಹೋಗತ್ತೆ ಅನ್ಕೊಂಡೆ."

"ಮತ್ತೆ ಆ ಸೆಟ್ಟಿಂಗು ಯಾಕೆ ತೆಗೀಲಿಲ್ಲ?" ಎಂದೆ ನಾನು.

"ತೆಗೆದ್ರೆ, ಅವತ್ತಿಂದಲೇ ಕಿಟಕಿ ಮುಚ್ಚೋದು ನಿಂತುಹೋಗಿ ಎಲ್ರಿಗೂ ಗೊತ್ತಾಗ್ತಿತ್ತಲ್ಲ" ಎಂದ.

ನಾನು ಇಷ್ಟು ವರ್ಷ ಯಾರನ್ನೂ ನಂಬದೆ ಇದ್ದರೂ ಈ ಉತ್ತರವನ್ನು ಊಹಿಸಿರಲಿಲ್ಲ. ಏಣಿಯ ಮೇಲಿದ್ದ ರಾಮಿರೋಗೆ ಭಾಷೆ ಅರ್ಥವಾಗದಿದ್ದರೂ ಕೈ ನಿಲ್ಲಿಸಿ ಕೆಳಗೆ ನೋಡಿದ.

ವಿದ್ಯಾ ಗೋಡೆಗೆ ಒರಗಿ ನಿಂತಿದ್ದಳು. ದನಿ ಎತ್ತರಿಸಲಿಲ್ಲ. "ನೆನಪಿನ ಟೆಸ್ಟ್ ಆಗಿದ್ದು ಅತ್ತಿಯವರು ಬಿದ್ದ ಮ್ಯಾಲೆ, ನಿಮಗ ಗೊತ್ತಾದ ಮ್ಯಾಲೆ" ಎಂದಳು. "ನನಗ ಹಾದಿ ಮರತು ಹೋದೀತು ಅಂತ ಹೆದರಿಕಿ ಇತ್ತು. ನೀವೇ ಕಾರ್ ಓಡಿಸ್ಕೊಂಡು ಕರಕೊಂಡು ಹೋದ್ರಿ. ನನ್ನ ಕೈ ಹಿಡ್ಕೊಂಡು ಹೊರಗ ಕೂತಿದ್ರಿ."

ಅವನು ಮುಖ ಮುಚ್ಚಿಕೊಂಡ. "ಸಾರಿ ವಿದ್ಯಾ. ಸಾರಿ."

ಅವಳು ಮೇಜಿನ ಮೇಲೆ, ಮೋಟಾರುಗಳ ಪಕ್ಕ ಇದ್ದ ಅವನ ಫೋನನ್ನು ಎತ್ತಿ ಅವನ ಮುಂದೆ ಹಿಡಿದಳು.

"ಬರೋ ವಾರ ಮತ್ತೊಂದು ಟೆಸ್ಟ್ ಅದ ನಂದು. ಕ್ಯಾನ್ಸಲ್ ಮಾಡ್ರಿ. ಯಾಕ ಅಂತ ಕೇಳ್ತಾರ. ಇದ್ದದ್ದು ಇದ್ದಂಗ ಹೇಳ್ರಿ."

"ಮಾಡ್ತೀನಿ. ಆಮೇಲೆ ಮಾಡ್ತೀನಿ, ಇವ್ರೆಲ್ಲ ಹೋದ್ಮೇಲೆ."

"ಈಗ ಮಾಡ್ರಿ. ನಾ ಮರಿಯಾಕಿ ಅಂತ ಎಲ್ಲಾರ ಮುಂದ ಹೇಳಿದ್ರಲ್ಲ. ಇದನ್ನೂ ಎಲ್ಲಾರ ಮುಂದ ಹೇಳ್ರಿ."

ಅವನು ನಂಬರು ಒತ್ತಿದ. ವಿದ್ಯಾ ಕೈ ಚಾಚಿ ಸ್ಪೀಕರ್ ಹಾಕಿದಳು. ಆ ಕಡೆಯ ಹುಡುಗಿ ಹೆಸರು ಕೇಳಿದಳು, ಹುಟ್ಟಿದ ದಿನ ಕೇಳಿದಳು, ಯಾಕೆ ರದ್ದು ಮಾಡುತ್ತಿದ್ದೀರಿ ಎಂದು ಕೇಳಿದಳು. ಶ್ರೀಕಾಂತ್ ತಾಯಿಯ ಮುಖ ನೋಡಿದ. ಅವರು ಗೋಡೆಯ ಕಡೆ ತಿರುಗಿಕೊಂಡರು.

"ನನ್ನ ಹೆಂಡತಿ ಏನನ್ನೂ ಮರೆತಿರಲಿಲ್ಲ" ಎಂದ ಇಂಗ್ಲಿಷಿನಲ್ಲಿ. "ಕಿಟಕಿ ಮುಚ್ಚುತ್ತಿದ್ದವನು ನಾನು. ಗೊತ್ತಿದ್ದೂ ಹೇಳಲಿಲ್ಲ."

ಆ ಹುಡುಗಿಗೆ ತಲೆಬುಡ ತಿಳಿಯಲಿಲ್ಲ. ಕ್ಷಮಿಸಿ, ಇನ್ನೊಮ್ಮೆ ಹೇಳುತ್ತೀರಾ ಎಂದಳು. ವಿದ್ಯಾ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವನು ಇನ್ನೊಮ್ಮೆ ಹೇಳಿದ.